ಕ್ಯಾಪ್ಟನ್ನನ ಹಾಜರಿ ಪುಸ್ತಕ

ಸಾವಿನ ಭಯಕ್ಕಿಂತ ದೊಡ್ಡ ಭಯ ಮನುಷ್ಯನಿಗಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಕುದುರೆಯ ಹಿಂಗಾಲಿನ ಹತ್ತಿರ ನಿಂತವರಲ್ಲವೆಂದು ಕಾಣುತ್ತದೆ. ನಾನು ಎರಡನ್ನೂ ಒಂದೇ ಮಧ್ಯಾಹ್ನ ಕಂಡವನು.

ಕಳೆದ ವಾರ ಸಿಡ್ನಿಯ ಬ್ಲ್ಯಾಕ್‌ಟೌನ್‌ನ ನಮ್ಮ ಮನೆಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಚರ್ಮದ ರಟ್ಟಿನ ಹಳೆಯ ಪುಸ್ತಕ. ಮೂಗಿಗೆ ಹೊಗೆಯ ವಾಸನೆ ಬಡಿದದ್ದೇ, ಮೆಲ್ಬರ್ನ್‌ನ ನನ್ನ ಹಳೆಯ ಮನೆ ಮಾಲೀಕರು ಎದುರಿಗೆ ಬಂದು ನಿಂತಂತಾಯಿತು...

2012ರಲ್ಲಿ ಕ್ಲೇಟನ್‌ನ ಅವರ ಮನೆಯಲ್ಲಿ ಒಂದು ರೂಮು ನನ್ನದು. ಎಪ್ಪತ್ತು ದಾಟಿದ ಬಿಳಿಯ ಮುದುಕರು, ಮದುವೆಯಾದವರಲ್ಲ. ದಿನಕ್ಕೊಮ್ಮೆ ಮುತ್ತಜ್ಜನ ಚರಿತ್ರೆ ಹೇಳದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಮುತ್ತಜ್ಜ ಬೆಂಗಳೂರು ದಂಡಿನಲ್ಲಿ ಕುದುರೆ ಪಡೆಯ ಕ್ಯಾಪ್ಟನ್. ಕೆಲಸ ಬಿಟ್ಟು ಹಡಗು ಹತ್ತಿ, ಮೆಲ್ಬರ್ನ್‌ನಿಂದ ಮೂರು ಗಂಟೆ ದೂರದ ಗುಡ್ಡಗಾಡಿನಲ್ಲಿ ಜಮೀನು ಹಿಡಿದ. ಶಾಲೆ ಕಟ್ಟಿಸಿದ, ಸೇತುವೆ ಹಾಕಿಸಿದ, ಬೇಲಿ ಜಗಳ ತೀರಿಸಿದ, ಊರಿಗೇ ಹಿರಿಯನಾದ. ಸಿಪಾಯಿ ಬುದ್ಧಿ ಮಾತ್ರ ಹೋಗಲಿಲ್ಲ. ಕಾಡ್ಗಿಚ್ಚು ಬಂದರೆ ಊರವರನ್ನು ಕಮ್ಯುನಿಟಿ ಹಾಲ್ ಮುಂದಿನ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಿದ್ದ.

ಒಮ್ಮೆ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಹನುಮ, ಮೈಸೂರು ಕಡೆಯಿಂದ ಅವನ ಜೊತೆ ಬಂದಿದ್ದ ಕುದುರೆ ಆಳು. ಕ್ಯಾಪ್ಟನ್ ಹುಡುಕಿಕೊಂಡು ಹೋಗಲಿಲ್ಲ. ಜನ ತೋಳು ಹಿಡಿದು ತಡೆದರಂತೆ. ತಡೆದರೋ, ತಡೆಸಿಕೊಂಡನೋ... ಹನುಮ ಬೆಂಕಿಯಲ್ಲೇ ಹೋದ ಎಂದು ಮಾಲೀಕರು ಇಲ್ಲಿಗೆ ಕಥೆ ಮುಗಿಸುತ್ತಿದ್ದರು.

ಅಂದಿನಿಂದ ಪ್ರತಿ ಜನವರಿ ಆ ಬಯಲಿನಲ್ಲಿ ಹಾಜರಿ. ಕ್ಯಾಪ್ಟನ್ ತೀರಿಕೊಂಡ ಮೇಲೆ ಮಗ, ಮೊಮ್ಮಗ, ಈಗ ಇವರು. ಇದ್ದವರು ತಮ್ಮ ಹೆಸರಿಗೆ, ಸತ್ತವರ ಹೆಸರಿಗೆ ಅವರ ಮನೆತನದವರು ಓಗೊಡುತ್ತಾರೆ. ಹನುಮನಿಗೆ ಯಾರೂ ಇಲ್ಲ.

"ನೀನು ಮೈಸೂರಿನವನಲ್ವಾ ಮೇಟ್? ಈ ಸಲ ಬಂದು ಅವನ ಹೆಸರಿಗೆ ಒಂದು ಮಾತು ಹೇಳು, ಸಾಕು," ಎಂದರು ಮಾಲೀಕರು.

ಪಕ್ಕದ ರೂಮಿನ ಮಂಗಳೂರಿನ ಗೆಳೆಯ ಹುರಿದುಂಬಿಸಿದ: "ಹೋಗು ಮಾರಾಯ. ಒಂದು ಶಬ್ದಕ್ಕೆ ಒಂದು ಬಾರ್ಬೆಕ್ಯೂ! ಹೆದರ್ಲಿಕ್ಕೆ ಎಂತ ಉಂಟು?"

ಹೋದೆ. ಬಯಲಿನಲ್ಲಿ ಹನ್ನೆರಡಕ್ಕೆ ಸಾಸೇಜಿನ ಹೊಗೆ ಇತ್ತು. ಒಂದು ಗಂಟೆಗೆ ಬೇರೆ ಹೊಗೆ. ಸೂರ್ಯ ಕೆಂಪಗಾದ, ನನ್ನ ಪೇಪರ್ ಪ್ಲೇಟಿಗೆ ಬೂದಿ ಉದುರಿತು. ರಸ್ತೆ ಮುಚ್ಚಿದ್ದಾರೆ ಎಂದು ಯಾರೋ ಕೂಗಿದರು. ಮಾಲೀಕರು ಕ್ಯಾಪ್ಟನ್ನನ ಹಾಜರಿ ಪುಸ್ತಕ ತೆರೆದರು. ಈ ಸಲದ್ದು ನಿಜವಾದ ಹಾಜರಿ. ಆದರೂ ಹಳೆಯ ಹೆಸರುಗಳನ್ನು ಬಿಡಲಿಲ್ಲ. "ಹನುಮ" ಎಂದಾಗ ಮೆಲ್ಲಗೆ "ಯೆಸ್" ಎಂದೆ.

"ಜೋರಾಗಿ!" ಎಂದರು ಮಾಲೀಕರು.

"ಇದ್ದೀನಿ!" ಎಂದು ಕನ್ನಡದಲ್ಲೇ ಕಿರುಚಿದೆ. ಯಾರೂ ನಗಲಿಲ್ಲ.

ಕೊನೆಯ ಹೆಸರು ಅವರ ತಂಗಿಯದು. ಉತ್ತರವಿಲ್ಲ. ಆಕೆ ಕುದುರೆಗಳನ್ನು ಬಿಟ್ಟು ಬರಲೊಲ್ಲದೆ ಗುಡ್ಡದ ಮೇಲಿನ ಮನೆಯಲ್ಲೇ ಉಳಿದಿದ್ದರು. ಮಾಲೀಕರ ತೋಳನ್ನು ಊರಿನ ಇಬ್ಬರು ಹಿಡಿದರು. ಹಿಡಿದ ಕೈಗಳನ್ನು ಒಂದು ಕ್ಷಣ ನೋಡಿ, ಕೊಡವಿಕೊಂಡು, ಪುಸ್ತಕವನ್ನು ನನಗೆ ಕೊಟ್ಟರು.

"ನಾನು ಬರೋವರೆಗೂ ಕರೀತಾ ಇರು. ಯಾರೂ ಬಯಲು ಬಿಡಬಾರದು."

ಅವರ ಟ್ರಕ್ ಹೊಗೆಯೊಳಗೆ ಹೋಯಿತು.

ಕರೆದೆ. ಮುಗಿದರೆ ಮತ್ತೆ ಮೊದಲಿಂದ ಕರೆದೆ. ಗಾಳಿಗೆ ಹಾಳೆ ಹಾರದಿರಲೆಂದು ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಂಡಿದ್ದೆ. ಹನುಮನನ್ನು ಕರೆದವನೂ ನಾನೇ, ಓಗೊಟ್ಟವನೂ ನಾನೇ. ಹೆಸರಿಗಾಗಿ ಕಾಯುತ್ತಿದ್ದವರು ಯಾರೂ ಓಡಲಿಲ್ಲ. ಕ್ಯಾಪ್ಟನ್ನನ ಉಪಾಯ ಆಗ ತಿಳಿಯಿತು. ಮಾಲೀಕರ ಹೆಸರು ಬಂದಾಗ ಮಾತ್ರ ಬಾಯಿ ಬರಲಿಲ್ಲ, ಹಾರಿಸಿದೆ. ಪ್ರತಿ ಸುತ್ತಿನಲ್ಲೂ ಹಾರಿಸಿದೆ.

ಏಳನೆಯ ಸುತ್ತಿಗೆ ಗಾಳಿ ತಿರುಗಿತು. ಎಂಟನೆಯದಕ್ಕೆ ಟ್ರಕ್ ಬಂತು. ಹಿಂದೆ ಕಟ್ಟಿದ ಗಾಡಿಯಲ್ಲಿ ಎರಡು ಕುದುರೆ, ಮುಂದೆ ಜಗಳವಾಡುತ್ತ ಅಣ್ಣ ತಂಗಿ. ಆಕೆ ಇಳಿದವರೇ ಒಂದು ಕುದುರೆಯ ಹಗ್ಗವನ್ನು ನನ್ನ ಕೈಗೆ ತುರುಕಿದರು. ಆ ಭಯದ ವಿಚಾರ ಆಗಲೇ ಹೇಳಿದ್ದೇನೆ.

ಮಾಲೀಕರು ಮಸಿ ಮೆತ್ತಿದ ಮುಖದಲ್ಲಿ ಕೇಳಿದ್ದು ಒಂದೇ: "ನನ್ನ ಹೆಸರು ಕರೆದೆಯಾ?"

"ಇಲ್ಲ."

"ಕರೀಬೇಕಿತ್ತು ಮೇಟ್. ಯಾರಿಲ್ಲ ಅಂತ ತಿಳಿಯೋಕೇ ಅಲ್ವಾ ಹಾಜರಿ?"

ಆಮೇಲೆ ಸಿಡ್ನಿಗೆ ಬಂದೆ. ಮಾರ್ಟ್‌ಗೇಜ್, ಮಗಳು... ಕ್ರಿಸ್‌ಮಸ್ಸಿಗೊಂದು ಫೋನು, ಕೊನೆಗೆ ಅದನ್ನೂ ಮರೆತೆ. ಪಾರ್ಸೆಲ್ಲಿನ ಪುಸ್ತಕದೊಳಗೆ ಅವರ ತಂಗಿಯ ಚೀಟಿಯಿತ್ತು: ಅಣ್ಣ ಜೂನ್‌ನಲ್ಲಿ ನಿದ್ದೆಯಲ್ಲೇ ಹೋದ. ಬಯಲಿಗೆ ಬರುವವರು ಈಗಿಲ್ಲ. ಪುಸ್ತಕ ನಿಮಗೆ ಸೇರಬೇಕೆಂದಿದ್ದ.

ಅಡುಗೆಮನೆಯಲ್ಲಿ ನಿಂತು ಮೊದಲಿಂದ ಕರೆದೆ. "ಹೂ ಆರ್ ಯು ಟಾಕಿಂಗ್ ಟು, ಅಪ್ಪಾ?" ಎಂದಳು ಒಳಗಿಂದ ಮಗಳು. ಹನುಮನಿಗೆ ನಾನೇ ಓಗೊಟ್ಟೆ. ಮಾಲೀಕರ ಹೆಸರನ್ನು ಈ ಸಲ ಹಾರಿಸಲಿಲ್ಲ. ಎರಡು ಸಲ ಕರೆದೆ.

ಉತ್ತರ ಬರಲಿಲ್ಲ.