ಬೋಲ್ಟಿನ ತಲೆಯ ಮೇಲಿನ ಕೆಂಪು

ಮಕ್ಕಳೇ, ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ತನ್ನ ಹಳೇ ಜೀಪಿನಿಂದ ಬಿಚ್ಚಿದ ಮುರಿದ ಬೋಲ್ಟೊಂದನ್ನು ಪೇಪರಿನಲ್ಲಿ ಸುತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅದೇ ಅಳತೆಯದು ಮೈಸೂರಿನಿಂದ ತರಿಸಬೇಕು, ಅಲ್ಲಿಯವರೆಗೆ ಬೆಟ್ಟ ಹತ್ತಿಸುವ ಹಾಗಿಲ್ಲ ಎಂದಳು. ಗ್ರೀಸು, ಸೀಮೆಎಣ್ಣೆ, ಸುಟ್ಟ ಕಬ್ಬಿಣ ಎಲ್ಲ ಸೇರಿದ ಆ ವಾಸನೆ... ನಾನು ಒಲೆಯ ಮೇಲಿನ ಹಾಲು ಬಿಟ್ಟು ಹಿತ್ತಿಲಿಗೆ ಹೋದೆ. ಅಜ್ಜಿಗೆ ಗ್ರೀಸ್ ವಾಸನೆ ಆಗೋಲ್ಲ ಎಂದು ನೀವು ನಕ್ಕಿರಿ. ಅದಲ್ಲ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತು ವರ್ಷದ ಹಿಂದೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಒಬ್ಬರು ಜೀಪು ರಿಪೇರಿ ಮಾಡುತ್ತಿದ್ದರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಅಷ್ಟೇ. ಗಡಿಯಾಚೆ ಮಾನಂದವಾಡಿ ಕಡೆಯವರು. ಕನ್ನಡವನ್ನು ಇಲ್ಲಿಯ ಡ್ರೈವರುಗಳ ಬಾಯಿಂದಲೇ ಕಲಿತವರು, ಅದರಲ್ಲಿ ಅರ್ಧ ಬೈಗುಳ. ನಿಮ್ಮ ತಾತನ ಹಳೇ ಜೀಪನ್ನು ಕಂಡರೆ ಅವರಿಗೆ ತಮಾಷೆ. ಎಮ್ಮೆ ಅಡ್ಡ ಬಂದರೆ ನಿಲ್ಲುವುದಿಲ್ಲ, ಟೀ ಅಂಗಡಿ ಬಂದರೆ ತಾನೇ ನಿಲ್ಲುತ್ತದೆ ಎಂದು ನಗಾಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ತಾವು ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಒಂದು ಕೆಂಪು ಬೊಟ್ಟು ಇಡುತ್ತಿದ್ದರು. ಸಣ್ಣ ಡಬ್ಬಿಯಲ್ಲಿ ಬಣ್ಣ, ತುದಿ ಜಜ್ಜಿದ ಒಂದು ತೆಂಗಿನ ಕಡ್ಡಿ. ಬೊಟ್ಟು ಇದ್ದರೆ ಅವರ ಕೈ ಮುಟ್ಟಿದ್ದು, ಇಲ್ಲದಿದ್ದರೆ ಇಲ್ಲ. ಮೇಸ್ತ್ರಿ ಬೊಟ್ಟಿಟ್ಟ ಗಾಡಿಯಲ್ಲಿ ನಿದ್ದೆ ಮಾಡಿಕೊಂಡು ಹೋಗಬಹುದು ಎಂದು ಜನ ಹೇಳುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಎರಡು ದಿನ ಇರುವಾಗ ಅಂತರಸಂತೆಯ ನಮ್ಮ ಮನೆಯ ಮುಂದೆಯೇ ಜೀಪು ಕೂತಿತು. ಮುಂದಿನ ಚಕ್ರದ ಮೇಲಿನ ಬ್ಲೇಡ್ ಸೆಟ್ಟಿನ, ಅಂದರೆ ಕುಲುಕು ತಡೆಯುವ ಉಕ್ಕಿನ ಪಟ್ಟಿಗಳ, ತುದಿಯನ್ನು ಗಾಡಿಗೆ ಹಿಡಿದಿಡುವ ಬೋಲ್ಟು ತುಂಡಾಗಿತ್ತು. ಮೇಸ್ತ್ರಿ ಚೀಲ ಹೊತ್ತು ಬಸ್ಸಿನಲ್ಲಿ ಬಂದರು. ಬೀದಿಯವರೆಲ್ಲ ನೋಡುತ್ತಿದ್ದರು. ಮುರಿದದ್ದನ್ನು ಹೊಡೆದು ತೆಗೆದು, ಜೀಪಿನ ಅಡಿಗೆ ಮರದ ತುಂಡು ಕೊಟ್ಟು ಎತ್ತಿ ನಿಲ್ಲಿಸಿದರು. ಜನ ಚದುರಿದ ಮೇಲೆ, ಇದಕ್ಕೆ ಗಟ್ಟಿ ಉಕ್ಕಿನ ಬೋಲ್ಟೇ ಆಗಬೇಕು, ಮೈಸೂರಿನಲ್ಲಿ ಮಾತ್ರ ಸಿಗುತ್ತದೆ, ದಸರಾ ಮುಗಿದು ಅಂಗಡಿ ತೆಗೆದ ಮೇಲೆ ನಾನೇ ಹೋಗಿ ತರುತ್ತೇನೆ ಎಂದರು. ಹೊರಡುವಾಗ ನಿಮ್ಮ ತಾತನಿಗೆ ಇನ್ನೊಂದು ಸಲ ಹೇಳಿದರು.

"ಗೌಡ್ರೇ, ಅಲ್ಲೀವರ್ಗೂ ಇದ್ನ ಅಲ್ಲಾಡಿಸ್ಬೇಡಿ. ನಿಮ್ ಕೈ ಮುಗೀತೀನಿ."

ನಿಮ್ಮ ತಾತ ಒಳ್ಳೆಯವರು ಎಂದು ಕೇಳಿಕೊಂಡೇ ನೀವು ಬೆಳೆದಿದ್ದೀರಿ. ಒಳ್ಳೆಯವರೇ. ಆದರೆ ಆಯುಧಪೂಜೆಯ ದಿನ ಅವರಣ್ಣನ ಟ್ರ್ಯಾಕ್ಟರು ಬಾಳೆಕಂದು ಕಟ್ಟಿಕೊಂಡು ಊರು ಸುತ್ತುವಾಗ ತಮ್ಮ ಜೀಪು ಮರದ ತುಂಡಿನ ಮೇಲೆ ಕೂತಿರುವುದನ್ನು ಸಹಿಸುವವರಾಗಿರಲಿಲ್ಲ. ಪೂಜೆ ಆದ ಮೇಲೆ ಚಕ್ರ ನಿಂಬೆಹಣ್ಣಿನ ಮೇಲೆ ಹರಿಯಲೇಬೇಕು, ನಿಂತ ಗಾಡಿಗೆ ಎಂಥ ಪೂಜೆ ಎಂದರು. ಟಿಲ್ಲರಿನ ಟ್ರೈಲರಿನಿಂದ ಅದೇ ದಪ್ಪದ ಒಂದು ಬೋಲ್ಟು ಬಿಚ್ಚಿ ತಂದರು. ಮೇಸ್ತ್ರಿ ಬೇಡ ಅಂದಿದ್ದರಲ್ಲ ಎಂದು ಮೆಲ್ಲಗೆ ಕೇಳಿದೆ.

"ಅವ್ನ ಜೀಪಾ ನನ್ ಜೀಪಾ? ಸ್ಪಾನರ್ ಕೊಡು."

ಕೊಟ್ಟೆ. ನಾನೇ ಕೊಟ್ಟೆ.

ಮಾರನೇ ದಿನ ಪೂಜೆ. ಬಾನೆಟ್ಟಿಗೆ, ಸ್ಟೀರಿಂಗಿಗೆ, ನಾಲ್ಕು ಚಕ್ರಕ್ಕೂ ಅರಿಶಿನ ಕುಂಕುಮ ಇಟ್ಟೆ. ಮುಂದಿನ ಚಕ್ರದ ಹತ್ತಿರ ಬಗ್ಗಿದಾಗ ಆ ಬೋಲ್ಟು ಕಂಡಿತು. ಹಳೇ ಕಬ್ಬಿಣದ ನಡುವೆ ಅದೊಂದರ ತಲೆ ಮೇಸ್ತ್ರಿಯ ಬೊಟ್ಟಿಲ್ಲದೆ ಬೋಳಾಗಿತ್ತು. ನನಗೆ ಏನೋ ಭಯ. ನಿಮ್ಮಪ್ಪ ಆಗ ಎರಡನೇ ಕ್ಲಾಸು, ಹಾರ ಹಾಕಿದ ಜೀಪಿನೊಳಗೆ ಕೂತು ಹಾರನ್ ಒತ್ತುತ್ತಿದ್ದ. ಕೈ ಒಳಗೆ ತೂರಿಸಿ, ಆ ಗ್ರೀಸಿನ ಮೇಲೆಯೇ ಬೆರಳು ಒತ್ತಿ ಕುಂಕುಮ ಇಟ್ಟೆ. ಚೆನ್ನಾಗಿ ಹಿಡಿದುಕೋ ತಾಯಿ, ಎಂದು ಬೇಡಿಕೊಂಡೆ. ಯಾವ ದೇವರಿಗೆ ಹೇಳಿದೆನೋ, ಬೋಲ್ಟಿಗೇ ಹೇಳಿದೆನೋ...

ನಾಲ್ಕು ದಿನ ಹಿಡಿದುಕೊಂಡಿತು. ಐದನೇ ದಿನ ಸಂಜೆ ನಿಮ್ಮ ತಾತ ಕೂಲಿಯವರನ್ನು ಇಳಿಸಿ ಒಬ್ಬರೇ ವಾಪಸು ಬರುವಾಗ, ಇಳಿಜಾರಿನಲ್ಲಿ ಬೋಲ್ಟು ಮುರಿದು ಚಕ್ರ ಒಂದು ಕಡೆಗೆ ಎಳೆದು ಜೀಪು ಮರಕ್ಕೆ ಹೊಡೆಯಿತು. ಅವರನ್ನು ಮನೆಗೆ ತಂದಾಗ ಮೈ ಇನ್ನೂ ಬೆಚ್ಚಗಿತ್ತು. ಅದರ ಬಗ್ಗೆ ಇನ್ನು ಬರೆಯಲಾರೆ.

ತಿಥಿ ಕಳೆದ ಎರಡನೇ ದಿನಕ್ಕೆ ಅವರಣ್ಣ, ನನ್ನ ಭಾವನವರು, ಊರ ಹಿರಿಯರನ್ನು ನಮ್ಮ ಜಗಲಿಯಲ್ಲೇ ಸೇರಿಸಿ ಮೇಸ್ತ್ರಿಯನ್ನು ಕರೆಸಿದರು. ನಾನು ಒಳಗೆ ಬಾಗಿಲ ಹಿಂದೆ ಮೂಲೆಯಲ್ಲಿ ಕೂತಿದ್ದೆ. ಹೊರಗಿನ ಮಾತೆಲ್ಲ ಕೇಳುತ್ತಿತ್ತು, ಬಾಗಿಲ ಸಂದಿಯಿಂದ ಕಾಣುತ್ತಲೂ ಇತ್ತು. ಜೀಪಿನಿಂದ ತೆಗೆದ ಬೋಲ್ಟಿನ ತಲೆಯನ್ನು ಭಾವನವರು ಎಲ್ಲರ ಕೈಗೂ ಕೊಟ್ಟರು. ಗ್ರೀಸು, ಧೂಳಿನ ಜೊತೆ ಸೇರಿ ನನ್ನ ಕುಂಕುಮ ಕೆಂಪು ಬಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ನೋಡಿ ಬೊಟ್ಟು, ಇದಕ್ಕಿಂತ ಸಾಕ್ಷಿ ಬೇಕಾ ಎಂದರು. ಕಳಪೆ ಬೋಲ್ಟು ಹಾಕಿ ಊರ ಮಗನನ್ನು ಕೊಂದ ಎಂದು ಒಬ್ಬರು ಅಂದರು. ಇನ್ನೊಬ್ಬರು, ಎಲ್ಲಿಂದಲೋ ಬಂದವನಿಗೆ ನಮ್ಮೂರ ಜೀವದ ಬೆಲೆ ಏನು ಗೊತ್ತು ಎಂದರು.

ಮೇಸ್ತ್ರಿ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಇದು ನಾನು ಹಾಕಿದ ಬೋಲ್ಟಲ್ಲ, ಗಾಡಿ ಅಲ್ಲಾಡಿಸಬೇಡಿ ಎಂದೇ ಗೌಡರಿಗೆ ಹೇಳಿ ಹೋಗಿದ್ದೆ, ಇದು ನನ್ನ ಬಣ್ಣವೂ ಅಲ್ಲ ಎಂದರು. ಹಂಗಾದ್ರೆ ಆಕಾಶದಿಂದ ಉದುರ್ತಾ ಎಂದು ಯಾರೋ ಕೇಳಿದರು. ಕೆಲವರು ನಕ್ಕರು. ಸಾವಿನ ಮನೆಯಲ್ಲಿ.

"ಒಳ್ಗೆ ಆಯಮ್ಮ ಇದಾರಲ್ಲ, ಅವ್ರನ್ನ ಒಂದ್ ಮಾತು ಕೇಳಿ. ಅವ್ರು ಏನ್ ಹೇಳಿದ್ರೂ ಒಪ್ಕೋತೀನಿ," ಎಂದರು ಮೇಸ್ತ್ರಿ.

ಭಾವನವರು ಹೊಸ್ತಿಲ ತನಕ ಬಂದರು. "ನೋಡವ್ವ, ಆ ಬೋಲ್ಟ ಮೇಸ್ತ್ರಿನೇ ಆಕಿದ್ದು ತಾನೆ?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಇಲ್ಲ ಎಂದರೆ ಯಾರು ಹಾಕಿದ್ದು ಎಂದು ಕೇಳುತ್ತಾರೆ. ಸತ್ತವರು ತಮ್ಮ ಹಟದಿಂದಲೇ ಸತ್ತರು ಎಂದು ಅವರಣ್ಣನ ಮುಂದೆ ನಾನು ಹೇಳಬೇಕು. ಆ ಕೆಂಪು ಏನು ಎಂದು ಕೇಳುತ್ತಾರೆ. ಹಣೆಯ ಕುಂಕುಮ ಅಳಿಸಿ ಎರಡು ದಿನವಾದ ಹೆಂಗಸು, ಅದು ನನ್ನ ಕುಂಕುಮ ಎಂದು ಅಷ್ಟು ಗಂಡಸರ ಮುಂದೆ... ನಾನು ತಲೆ ಬಗ್ಗಿಸಿದೆ. ಬಗ್ಗಿಸಿದ್ದು ನಾಚಿಕೆಗೆ. ಭಾವನವರು ಹೊರಗೆ ಹೋಗಿ, ಹೂಂ ಅಂದಳು ಎಂದರು. ಹಾಗೆ ಅವರು ಹೇಳಿದ್ದನ್ನೂ ಕೇಳಿದೆ. ಎದ್ದು ಹೋಗಿ ತಿದ್ದಲಿಲ್ಲ. ನಾಚಿಕೆ ಎಂದು ಇಷ್ಟು ವರ್ಷ ಹೇಳಿಕೊಂಡೆ. ಅದು ಹೇಡಿತನ.

ಅವತ್ತಿನಿಂದ ಅವರ ಶೆಡ್ಡಿಗೆ ಗಾಡಿಗಳು ಹೋಗುವುದು ನಿಂತಿತು. ಬೊಟ್ಟು ಇಟ್ಟರೆ ಸಾಯ್ತೀರಿ ಎಂದು ಡ್ರೈವರುಗಳು ಆಡಿಕೊಂಡರಂತೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರು ನಮ್ಮ ಅಂಗಳಕ್ಕೆ ಬಂದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನೀರು ಕೊಟ್ಟರೆ ಕುಡಿಯಲಿಲ್ಲ. ಊರು ಬಿಟ್ಟು ಹೋಗುತ್ತಿದ್ದೇನೆ ಎಂದರು.

"ತಂಗಿ, ನಾನು ಬೊಟ್ಟು ಕಡ್ಡೀಲಿ ಇಡ್ತೀನಿ. ಆ ಬೋಲ್ಟ್ ಮೇಲೆ ಇದ್ದಿದ್ದು ಬೆರಳಿನ ಗುರುತು. ಸಣ್ಣ ಬೆರಳು. ಅವತ್ತೇ ಗೊತ್ತಾಯ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ.

"ಅದ್ನ ನಾನು ಹೇಳೋದಲ್ಲ, ನೀವು ಹೇಳ್ತೀರ ಅಂದ್ಕೊಂಡೆ."

ಭಾವನವರ ಮನೆಗೆ ಹೋಗಿ ನಿಜ ಹೇಳುತ್ತೇನೆ ಎಂದು ಈಗಲಾದರೂ ನಾನು ಅನ್ನಲಿ ಎಂದು ಕಾದರು, ಅದು ನನಗೆ ಗೊತ್ತಾಗಿತ್ತು. ಭಾವನವರ ಮನೆ ಇದ್ದದ್ದು ಅದೇ ಬೀದಿಯಲ್ಲಿ, ಮೂರು ಮನೆ ಆಚೆ. ನಾನು ಲೋಟ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದೆ. ಅವರು ಹೋದರು.

ಆಮೇಲೆ ಭಾವನವರ ಹೊಲ, ಅವರ ಮನೆ ಎಂದೇ ಬದುಕು ಸಾಗಿತು. ನಿಮ್ಮಪ್ಪನನ್ನು ಓದಿಸಿದವರೂ ಅವರೇ. ಅವರು ಬದುಕಿರುವ ತನಕ ಬಾಯಿ ಬಿಡುವುದು ಬೇಡ ಎಂದುಕೊಂಡೆ. ಅವರು ಹೋದ ಮೇಲೆ, ಈಗ ಯಾರಿಗೆ ಹೇಳುವುದು ಎಂದುಕೊಂಡೆ. ಸುಮ್ಮನಿರಲು ನನಗೆ ಯಾವಾಗಲೂ ಒಂದು ಕಾರಣ ಸಿಗುತ್ತಿತ್ತು.

ಮೊನ್ನೆ ದೊಡ್ಡವಳ ಜೀಪಿಗೆ ಹೊಸ ಬೋಲ್ಟು ಬಂದ ವಾರ, ದೇವಸ್ಥಾನಕ್ಕೆ ಎಂದು ನಿಮಗೆ ಹೇಳಿ ನಾನು ಒಬ್ಬಳೇ ಬಸ್ಸಿನಲ್ಲಿ ಹ್ಯಾಂಡ್‌ಪೋಸ್ಟಿಗೆ ಹೋಗಿದ್ದೆ. ಶೆಡ್ಡು ಇದ್ದ ಜಾಗದಲ್ಲಿ ಈಗ ಬೇಕರಿ. ಪಕ್ಕದಲ್ಲಿ ಪಂಕ್ಚರ್ ಹಾಕುವ ವಯಸ್ಸಾದವರೊಬ್ಬರು ಇದ್ದರು. ಇಲ್ಲಿ ಒಬ್ಬ ಮೇಸ್ತ್ರಿ ಇದ್ದರಲ್ಲ ಎಂದು ಕೇಳಿದೆ. ಮಾನಂದವಾಡಿ ಕಡೆಯ ಲಾರಿಯವರು ಹೇಳಿದ ಪ್ರಕಾರ, ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತಂತೆ. ಊರಿಗೆ ಹೋದ ಮೇಲೆ ಸ್ಪಾನರ್ ಮುಟ್ಟಲೇ ಇಲ್ಲವಂತೆ. ಅಷ್ಟು ಹೇಳಿ ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಅವ್ನೇ ಅಲ್ವಾ, ಕೆಟ್ಟ ಬೋಲ್ಟ್ ಆಕಿ ಅಂತರಸಂತೆ ಗೌಡ್ರನ್ನ ಸಾಯ್ಸಿದ್ದು?"

"ಅವ್ರಲ್ಲ," ಎಂದೆ. "ಆ ಬೋಲ್ಟ್ ಹಾಕಿದ್ದು ನನ್ನ ಯಜಮಾನ್ರು. ಸ್ಪಾನರ್ ಕೊಟ್ಟಿದ್ದು ನಾನು."

ನಲವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಗೆ ಬಂದಿತ್ತು. ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ, "ಓಗ್ಲಿ ಬುಡಿ ಅಮ್ಮ, ಈಗ ಯಾರಿಗ್ ಬೇಕು ಅದು," ಎಂದರು.