ಮುನಿರತ್ನಮ್ಮನವರ ತಿಥಿ ಚೀಲ

ಕಳೆದ ವಾರ ಶಿಡ್ಲಘಟ್ಟದ ತರಕಾರಿ ಮಾರ್ಕೆಟ್ಟಿನಲ್ಲಿ, ತೀರಿಕೊಂಡ ಹೆಂಗಸೊಬ್ಬರು ಎರಡು ಕೇಜಿ ಬದನೆಕಾಯಿ ಹೊತ್ತುಕೊಂಡು ನನ್ನ ಮುಂದೆಯೇ ಹಾದು ಹೋದರು. ನಕ್ಕರು ಕೂಡ.

ಗಾಬರಿಯಾಗಬೇಡಿ. ನನಗಿನ್ನೂ ಅರುಳು ಮರುಳು ಹಿಡಿದಿಲ್ಲ. ಅವರು ಇದ್ದದ್ದು ಒಂದು ಬಟ್ಟೆ ಚೀಲದ ಮೇಲೆ. ಚೀಲ ನನ್ನದೇ ಪ್ರಿಂಟು. ಆ ನಗುವನ್ನು ಅಲ್ಲಿ ಬಚ್ಚಿಟ್ಟವನೂ ನಾನೇ.

ಹೊಸ ಓದುಗರಿದ್ದರೆ (ಇರಲಾರರು, ನನ್ನ ಬೈಗುಳ ತಿನ್ನಲು ಹಳಬರೇ ಸಾಕು) ಹೇಳಿಬಿಡುತ್ತೇನೆ. ನನ್ನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಮೂವತ್ತೆಂಟು ವರ್ಷವಾಯಿತು. ಜೊತೆಗೆ ಈಗೊಂದು ಹೀಟ್ ಪ್ರೆಸ್ ಮೆಷೀನು, ಬಟ್ಟೆಗೆ ಕಲರ್ ಫೋಟೋ ಅಂಟಿಸಲು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹುಡುಕಿ, ನನ್ನಷ್ಟು ನೀಟಾಗಿ ಇಂಕು ಎಳೆಯುವವನು ಸಿಕ್ಕರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. (ಡೈ ಹಾಕಿದ ಮೀಸೆ. ಅಂಥ ನಷ್ಟವೇನಿಲ್ಲ.)

ಇಷ್ಟು ವರ್ಷದಲ್ಲಿ ಕಲಿತದ್ದೇನು? ಮನುಷ್ಯನಿಗೆ ದೇವರು ಕೊಟ್ಟ ಒಂದು ಮುಖ ಸಾಲದು. ಮಂಚೇನಹಳ್ಳಿಯ ಒಬ್ಬ ತನ್ನ ಬರ್ತ್‌ಡೇಗೆ ತನ್ನದೇ ಫೋಟೋದ ಐವತ್ತು ಟೀ ಶರ್ಟು ಮಾಡಿಸಿದ. ಹುಟ್ಟಿದವನು ಅವನು, ಬೆವರುವವರು ಊರವರು. ಇನ್ನೊಬ್ಬ ಕ್ರಿಕೆಟ್ ಕ್ಯಾಪ್ಟನ್, ಎದೆಯ ಮೇಲೆ ತನ್ನ ಹೆಸರು ಇನ್ನೂ ದೊಡ್ಡದಾಗಲಿ ಎಂದು ಮೂರು ಸಲ ತಿದ್ದಿಸಿದ. ನಾಲ್ಕನೇ ಸಲ ಹೆಸರನ್ನು ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಹೊಡೆದುಕೊಟ್ಟೆ. ದಿನಾ ಕನ್ನಡಿ ಮುಂದೇನೇ ತಾನೇ ನಿಂತಿರೋದು, ನಿನಗಾದರೂ ಸರಿಯಾಗಿ ಕಾಣಲಿ ಅಂದೆ. ಇಂಥ ಕಿತಾಪತಿ ನನ್ನ ಬತ್ತಳಿಕೆಯಲ್ಲಿ ಬೇಕಾದಷ್ಟಿವೆ.

ಬದುಕಿದ್ದವರ ಶೋಕಿ ಸಹಿಸಬಹುದು. ಸತ್ತವರಿಗೂ ಮೇಕಪ್ಪು ಮಾಡಿಸುತ್ತಾರಲ್ಲ, ಅದಕ್ಕೇನನ್ನೋಣ?

ಈಗ ನಮ್ಮ ಕಡೆ ತಿಥಿಗೆ ಬಂದವರಿಗೆ ವಡೆ, ಕಜ್ಜಾಯ ತುಂಬಿಕೊಡಲು ಬಟ್ಟೆ ಚೀಲ ಬಂದಿದೆ. ಚೀಲದ ಮೇಲೆ ಹೋದವರ ಫೋಟೋ. ಮೊನ್ನೆ ಮೊನ್ನೆಯವರೆಗೆ ಮದುವೆ ತಾಂಬೂಲಕ್ಕಿದ್ದ ರೋಗ, ಈಗ ತಿಥಿಗೂ ಅಂಟಿದೆ. (ನನಗೇನು, ವ್ಯಾಪಾರ.)

ಹೋದ ತಿಂಗಳು ಮೇಲೂರಿನ ನಾಗೇಶ ಬಂದ. ಸೈಟು ಬಿಸಿನೆಸ್ಸು, ಬಿಳಿ ಕಾರು, ಕತ್ತಿನಲ್ಲಿ ಎತ್ತು ಕಟ್ಟುವಂಥ ಚೈನು. ತಾಯಿ ಮುನಿರತ್ನಮ್ಮ ತೀರಿಕೊಂಡಿದ್ದರು. ತಿಥಿಗೆ ಇನ್ನೂರು ಚೀಲ ಬೇಕು ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ನೋಡಿದರೆ ಯಾರೋ ಮಹಾರಾಣಿ. ಕೆಂಪು ರೇಷ್ಮೆ ಸೀರೆ, ಅಂಗೈ ಅಗಲದ ಜರಿ, ಮೂರೆಳೆ ಚಿನ್ನದ ಸರ. ಮುಖದಲ್ಲಿ ಹುಡುಕಿದರೂ ಒಂದು ಸುಕ್ಕಿಲ್ಲ. ಎಲ್ಲ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಉಡಿಸಿ ತೊಡಿಸಿದ್ದು.

ನನಗೆ ಮುನಿರತ್ನಮ್ಮ ಗೊತ್ತಿಲ್ಲವೇ? ನನ್ನ ಅಂಗಡಿಯ ಹಿಂದಿನ ಬೀದಿಯ ಫಿಲೇಚರ್‌ನಲ್ಲಿ ಇಪ್ಪತ್ತೈದು ವರ್ಷ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ಬಿಚ್ಚಿದವರು. ಅವರ ಬೆರಳ ಸಂದಿಯಿಂದ ಎಷ್ಟು ಮದುವೆ ಸೀರೆಯ ರೇಷ್ಮೆ ಹೋಯಿತೋ, ಒಂದು ಮೊಳವೂ ಅವರ ಮೈಮೇಲೆ ಬರಲಿಲ್ಲ. ನಾಗೇಶ ಓದಿದ್ದು ಆ ತೊಟ್ಟಿಯಿಂದ. ಮೊದಲ ಸೈಟು ತೆಗೆದದ್ದೂ ಆ ತೊಟ್ಟಿಯಿಂದಲೇ. ಈಗ ಸೈಟು ನೋಡಲು ಬರುವ ದೊಡ್ಡ ಮನುಷ್ಯರಿಗೆ, ನಮ್ಮಮ್ಮ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಇದ್ದವರು ಎಂದು ಹೇಳಿಕೊಂಡು ತಿರುಗುತ್ತಾನೆ.

ಮಾರನೆಯ ದಿನ ಅವನ ತಂಗಿ ಮಂಜುಳ ಬಂದಳು. ಅವಳ ಮೊಬೈಲಿನಲ್ಲೂ ಒಂದು ಫೋಟೋ. ಅದೇ ತೊಟ್ಟಿ, ಮೇಲೇಳುವ ಆವಿ, ಹತ್ತಿ ಸೀರೆ, ತಲೆಗೊಂದು ಟವೆಲು. ನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳು. ಬಾಯ್ತುಂಬ ನಗು. ಇದನ್ನೇ ಹಾಕಿಸು ಅಂತ ಅಣ್ಣನನ್ನು ಬೇಡಿಕೊಂಡಳಂತೆ. ಕೂಲಿಯವಳ ಫೋಟೋ ಹಂಚಿ ನನ್ನ ಮಾನ ಕಳೆಯಬೇಡ ಅಂದನಂತೆ.

"ಅಮ್ಮನ ಪಕ್ಕ ಕೂತು ಕೆಲ್ಸ ಮಾಡಿದೋರೆಲ್ಲ ತಿಥಿಗೆ ಬರ್ತಾರೆ ತಾತ. ಅಣ್ಣನ ಫೋಟೋದಾಗೆ ಅವ್ರಿಗೆ ಗುರ್ತು ಸಿಗುತ್ತಾ? ನಂಗೇ ಸಿಗಲಿಲ್ಲ" ಅಂದಳು.

(ನನ್ನನ್ನು ತಾತ ಅಂದದ್ದನ್ನು ಕ್ಷಮಿಸಿದ್ದೇನೆ.) ಫೋಟೋ ಕಳಿಸಿ ಹೋಗಮ್ಮ ಅಂದೆ.

ಈಗ ಕಸುಬಿನ ಗುಟ್ಟು ಕೇಳಿ. ಸ್ಕ್ರೀನ್ ಪ್ರಿಂಟಿನ ಇಂಕು ಬಟ್ಟೆಯೊಳಗೆ ಇಳಿಯುತ್ತದೆ. ಸರಿಯಾಗಿ ಕಾಯಿಸಿದರೆ ಚೀಲ ಹರಿದೀತು, ಬಣ್ಣ ಹೋಗದು. ಹೀಟ್ ಪ್ರೆಸ್ಸಿನಲ್ಲಿ ಒತ್ತುವ ಕಲರ್ ಫೋಟೋ ಹಾಗಲ್ಲ. ಅದು ಬಟ್ಟೆಯ ಮೇಲೆ ಕೂರುವ ಪದರ. ಬಿಸಿ ಸಾಲದಿದ್ದರೆ ಬೇಡದ ನೆಂಟನ ಹಾಗೆ, ನಾಲ್ಕು ದಿನ ಕೂತು ಎದ್ದು ಹೋಗುತ್ತದೆ.

ಇನ್ನೂರು ಚೀಲಕ್ಕೂ ಮೊದಲು ಮಂಜುಳ ಕೊಟ್ಟ ಫೋಟೋವನ್ನು ಕಪ್ಪು ಇಂಕಿನಲ್ಲಿ ಸ್ಕ್ರೀನ್ ಹೊಡೆದೆ. ಚೆನ್ನಾಗಿ ಕಾಯಿಸಿದೆ. ಅದು ಪೂರ್ತಿ ಮುಚ್ಚುವ ಹಾಗೆ ಮೇಲೆ ನಾಗೇಶನ ಮಹಾರಾಣಿಯನ್ನು ಇಟ್ಟು ಒತ್ತಿದೆ. ಹದಿನೈದು ಎಣಿಸುವ ಕಡೆ ಐದಕ್ಕೇ ಪ್ರೆಸ್ ಎತ್ತಿದೆ. ಇನ್ನೂರು ಸಲವೂ ಐದಕ್ಕೇ. ಇಷ್ಟು ಶ್ರದ್ಧೆಯಿಂದ ಕೆಟ್ಟ ಕೆಲಸ ಮಾಡಿದ ಕಸುಬುದಾರ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇದ್ದಾನೆಯೇ?

ನಾಗೇಶ ಬಂದು ಚೀಲ ನೋಡಿ ಸೂಪರ್ ಅಂದ. ತಿಥಿಯಲ್ಲಿ ಜನ ಸೀರೆ ನೋಡಿದರು, ಸರ ನೋಡಿದರು, ಸುಮ್ಮನೆ ಚೀಲ ತೆಗೆದುಕೊಂಡು ಹೋದರು.

ಮಿಕ್ಕ ಕೆಲಸ ವಡೆ ಮಾಡಿತು. ಎಣ್ಣೆ ಹತ್ತಿದ ಚೀಲವನ್ನು ನಮ್ಮ ಸೀಮೆಯ ಯಾವ ಹೆಂಗಸು ಸೋಪಿನ ನೀರಿಗೆ ಹಾಕದೆ ಬಿಟ್ಟಾಳು? ಮನೆಮನೆಯ ಬಚ್ಚಲಲ್ಲಿ ಜರಿ ಸೀರೆ ಕಳಚಿಬಿತ್ತು. ಕೆಳಗಿನಿಂದ ಮುನಿರತ್ನಮ್ಮ ನಕ್ಕರು.

ಮಂಜುಳ ತನ್ನ ಚೀಲವನ್ನು ಒಗೆದು ತಂತಿಗೆ ಹಾಕಿದ ಫೋಟೋ ಕಳಿಸಿದಳು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೀಲ ಹಿಡಿದಿದ್ದವಳು ಜಬೀನಾ, ಫಿಲೇಚರ್‌ನಲ್ಲಿ ಮುನಿರತ್ನಮ್ಮನವರ ಪಕ್ಕದ ತೊಟ್ಟಿಯವಳು. ನನ್ನನ್ನು ಕಂಡು ಚೀಲವನ್ನು ಸ್ವಲ್ಪ ಎತ್ತಿ ತೋರಿಸಿ ಹೋದಳು.

ಮೊನ್ನೆ ನಾಗೇಶನ ಕಾರು ಅಂಗಡಿ ಮುಂದೆ ನಿಂತಿತು.

"ಏನ್ ಯಜಮಾನ್ರೇ, ನಮ್ಮಮ್ಮನ ಸೀರೆ ಕಿತ್ಕೊಂಡು ಬಂದೈತೆ."

"ಒಗೆದಿರ್ತಾರೆ ಕಣಪ್ಪ. ಕೆಳಗಿರೋರು ಯಾರು, ಗುರ್ತು ಸಿಕ್ತಾ?"

ನಾಗೇಶ ಅತ್ತಿತ್ತ ನೋಡಿದ. ದನಿ ತಗ್ಗಿಸಿ, ನಿಮ್ಮಮ್ಮ ಕೂಲಿಗೆ ಹೋಗ್ತಿದ್ರಾ ಅಂತ ಸೈಟು ನೋಡೋಕೆ ಬರೋರು ಕೇಳ್ತಾರೆ ಅಂದ. ಕೇಳಿದರೆ ಹೌದು ಅನ್ನಲು ಎಷ್ಟು ಹೊತ್ತು ಬೇಕು? ಆ ಬೆರಳು ಬೆಂದು ಆದ ಸೈಟಿನಲ್ಲಿ ಕಾರು ನಿಲ್ಲಿಸಲು ನಾಚದವನಿಗೆ, ಆ ಬೆರಳು ಕಂಡರೆ ನಾಚಿಕೆಯಂತೆ.

ಗಟ್ಟಿಯಾಗಿ ಮತ್ತೆ ಅಂಟಿಸಿಕೊಡಿ ಅಂದ. ಆಗಲಿ, ಪುಕ್ಕಟೆ ಮಾಡಿಕೊಡುತ್ತೇನೆ, ಇನ್ನೂರು ಚೀಲವನ್ನೂ ನೀನೇ ಕೇಳಿ ವಾಪಸ್ ತಗೊಂಡು ಬಾ ಅಂದೆ. ಹೊರಟೇಬಿಟ್ಟ. ಮೊದಲು ಹೋದದ್ದು ಹಿಂದಿನ ಬೀದಿಯ ಜಬೀನಾ ಮನೆಗೆ. (ಅಂಗಡಿ ಬಿಟ್ಟು ನಾನೂ ಹಿಂದೆಯೇ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳಲು ನನಗೇನು ಹುಚ್ಚೇ?)

ಜಬೀನಾ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಚೀಲವನ್ನು ಬೆನ್ನ ಹಿಂದೆ ಹಿಡಿದಳು.

"ಮುನಿರತ್ನಕ್ಕನ್ನ ಕೊಡಲ್ಲ ಕಣಪ್ಪ. ನೀನು ಉಡಿಸಿದ್ದ ಸೀರೆ ಬಚ್ಚಲಲ್ಲಿ ಬಿದ್ದೈತೆ, ಬೇಕಾದ್ರೆ ತಗೊಂಡೋಗು."

ಮಿಕ್ಕ ನೂರ ತೊಂಬತ್ತೊಂಬತ್ತು ಬಚ್ಚಲಿಗೂ ಅವನು ಬಗ್ಗುತ್ತಾನಾ?