ಆನೆ ಕೂತ ದಿನ ಹುಟ್ಟಿದವರು

ನಮ್ಮ ಮನೆಗೆ ಬರುವ ಪತ್ರಿಕೆಯ ಒಂದು ಮೂಲೆಯಲ್ಲಿ, ಮಳೆಯ ವರದಿಗೂ ಕೊಬ್ಬರಿಯ ಧಾರಣೆಗೂ ನಡುವೆ, ಆ ದಿನ ಹುಟ್ಟಿದ ಮಹನೀಯರ ಹೆಸರುಗಳನ್ನು ಹಾಕುತ್ತಾರೆ. ಕಾಫಿಯ ಲೋಟ ಕೈಗೆ ಬಂದ ಮೇಲೆ ನಾನು ಮೊದಲು ನೋಡುವುದು ಅದನ್ನೇ. ಸಂಗೀತಗಾರರು ಒಂಟಿಯಾಗಿ ಹುಟ್ಟುವುದು ಬಲು ಅಪರೂಪವೆಂಬ ಸತ್ಯ ನನಗೆ ಗೋಚರಿಸಿದ್ದು ಅಲ್ಲಿಯೇ. ಒಂದು ದಿನ ಒಬ್ಬ ವೈಣಿಕರು ಅವತರಿಸಿದರೆಂದರೆ, ಅದೇ ತಾರೀಕಿನಲ್ಲಿ ಇನ್ನಾವುದೋ ಶತಮಾನದಲ್ಲಿ ಇನ್ನಾವುದೋ ಸೀಮೆಯಲ್ಲಿ ಒಬ್ಬ ಪಿಟೀಲು ವಿದ್ವಾಂಸ ಹುಟ್ಟಿ ಅವರಿಗೆ ಪಕ್ಕವಾದ್ಯದ ಏರ್ಪಾಡಾಗಿರುತ್ತದೆ. ಆದರೆ ನನ್ನ ಹುಟ್ಟುಹಬ್ಬ ಬಂದಾಗ ಮಾತ್ರ ಆ ಮೂಲೆಯಲ್ಲಿ ಪ್ರತಿವರ್ಷವೂ ಭೇದಿ ಮಾತ್ರೆಯ ಜಾಹೀರಾತು ಇರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಆ ದಿನವನ್ನು ನನಗೆ ಕೊಟ್ಟದ್ದು ನನ್ನ ತಾಯಿಯಲ್ಲ, ಹೆಡ್ಮಾಸ್ತರು. ನಮ್ಮನ್ನು ಶಾಲೆಗೆ ಸೇರಿಸಲು ಬಂದ ಅಪ್ಪಂದಿರು ಗೌರಿ ಹಬ್ಬ ಕಳೆದ ಮೇಲೋ, ರಾಗಿ ಕುಯ್ಯುವ ಮುಂಚೆಯೋ ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ, ಆ ಪುಣ್ಯಾತ್ಮರು ಬೇಸರಪಡದೆ ಎಲ್ಲರಿಗೂ ಒಂದೇ ತಾರೀಕನ್ನು ದಯಪಾಲಿಸುತ್ತಿದ್ದರು. ಹಾಗಾಗಿ ನನ್ನ ದಿನ ಯಾರೂ ಹುಟ್ಟಿಲ್ಲವೆನ್ನುವಂತಿಲ್ಲ. ನಮ್ಮ ತರಗತಿಯ ಅರ್ಧಕ್ಕರ್ಧ ಹುಟ್ಟಿದೆ. ಅವರಲ್ಲಿ ಒಬ್ಬನಿಗೂ ಸ್ವರಜ್ಞಾನವಿಲ್ಲವೆಂಬುದನ್ನು ಪ್ರಾರ್ಥನೆಯ ಸಾಲಿನಲ್ಲಿ ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಜನನವನ್ನು ತಾರೀಕಿಗೆ ಕಟ್ಟಿಹಾಕುವುದು ನಮ್ಮ ಕಡೆಯ ಹಿರಿಯರಿಗೆ ರೂಢಿಯಿರಲಿಲ್ಲ. ಅವರು ಅದನ್ನು ಯಾವುದಾದರೊಂದು ಸಂಗತಿಗೆ ಕಟ್ಟುತ್ತಿದ್ದರು: ಹೊಳೆ ಉಕ್ಕಿದ ದಿನ, ಬಣವೆಗೆ ಬೆಂಕಿ ಬಿದ್ದ ದಿನ, ದೊಡ್ಡ ಹಲಸಿನ ಮರ ಉರುಳಿದ ದಿನ. ಆನೆ ನಡೆದದ್ದೇ ದಾರಿ ಎಂದು ಗಾದೆಯಿದೆ. ಮದ್ದೂರು ಮಳವಳ್ಳಿಗಳ ನಡುವೆ ಆನೆ ಕೂತದ್ದೇ ಪಂಚಾಂಗ. ಆ ಪಂಚಾಂಗದ ದೆಸೆಯಿಂದ ನನ್ನ ಅಕ್ಕನ ಮದುವೆ ನಿಂತುಹೋಗುವುದರಲ್ಲಿತ್ತು.

ಯುದ್ಧದ ಕಾಲ ಅದು. ಅಕ್ಕನಿಗೆ ಆಗಲೇ ಇಪ್ಪತ್ತು ತುಂಬಿತ್ತು. ಆ ದಿನಗಳಲ್ಲಿ ಇಪ್ಪತ್ತೆಂದರೆ ಊರಿನ ಹೆಂಗಸರು ಮೆಲ್ಲಗೆ ಮಾತಾಡಲು ಶುರುಮಾಡುವ ವಯಸ್ಸು. ಒಂದು ಸಂಬಂಧ ಜಾತಕ ಕೂಡದೆ ಮುರಿದಿತ್ತು. ಇನ್ನೊಂದರಲ್ಲಿ ವರ ವೀಳ್ಯಶಾಸ್ತ್ರ ಮುಗಿದ ವಾರದಲ್ಲೇ ಮಿಲಿಟರಿ ಪಟಾಲಮ್ಮಿಗೆ ಸೇರಿ ಹೊರಟುಹೋಗಿದ್ದ. ಮೂರನೆಯದು ಬಂಡೂರಿನ ಕಡೆಯಿಂದ ಬಂದು, ಆತಗೂರಿನ ನಮ್ಮ ಮನೆ ಮುಂದೆ ಚಪ್ಪರ ಏಳುವ ತನಕ ತಲುಪಿತ್ತು. ಈ ಮುಹೂರ್ತವೂ ತಪ್ಪಿದರೆ ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಲೋಕ ತೀರ್ಮಾನಿಸಿಬಿಡುತ್ತದೆಂದು ಅಮ್ಮ ಹೆದರಿಕೊಂಡಿದ್ದಳು, ನನಗೂ ಹೆದರಿಕೆಯಿತ್ತು. ಅಕ್ಕನೆಂದರೆ ನನಗೆ ಪ್ರಾಣ.

ಗಂಡಿನ ಕಡೆಯವರು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಬಂದಿಳಿದಾಗ ಯಾರು ವರ, ಯಾರು ಬಸ್ಸಿನವನು ಎಂದು ಮುಖ ತೊಳೆಸಿದ ಮೇಲೆಯೇ ತಿಳಿದದ್ದು. ಅವರ ಜೊತೆಯಲ್ಲಿ ಬೀಗರೂಟಕ್ಕೆಂದು ಒಂದು ಬಂಡೂರು ಟಗರೂ, ಓಲಗಕ್ಕೆಂದು ಮಳವಳ್ಳಿಯ ಮುದ್ದಯ್ಯನವರೂ ಬಂದಿದ್ದರು. ಮುದ್ದಯ್ಯನವರ ನಾಗಸ್ವರ ಕೇಳಿದರೆ ಮುನಿಸಿಕೊಂಡ ಬೀಗರೂ ಮತ್ತೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಾರೆಂದು ಪ್ರತೀತಿಯಿತ್ತು. ನಮ್ಮ ಕಡೆಯಿಂದ ಅಪ್ಪ ಹೇಳಿದ್ದು ಮದ್ದೂರಿನ ಖಾದರ್ ಸಾಬರ ಬ್ಯಾಂಡಿಗೆ, ಅದರಲ್ಲೂ ಅವರ ಕ್ಲಾರಿಯೊನೆಟ್ಟಿಗೆ. ಸಾಬರು ಜರಿ ಪಟ್ಟಿಯ ಕೋಟು ತೊಟ್ಟು ಊದಲು ನಿಂತರೆಂದರೆ ಮದ್ದೂರು ಪೇಟೆಯಲ್ಲಿ ತಕ್ಕಡಿ ಹಿಡಿದವರು ತೂಕ ಮರೆಯುತ್ತಿದ್ದರು. ಇಬ್ಬರಿಗೂ ಐವತ್ತರ ಆಸುಪಾಸು, ಇಬ್ಬರೂ ಹಳೆಯ ಸ್ನೇಹಿತರು. ಇವರು ಅವರನ್ನು ಖಾದರಣ್ಣ ಎನ್ನುತ್ತಿದ್ದರು, ಅವರು ಇವರನ್ನು ಮುದ್ದಣ್ಣ ಎನ್ನುತ್ತಿದ್ದರು. ಒಬ್ಬರಿಗೊಬ್ಬರು ಅಣ್ಣಂದಿರಾಗಿ, ಇಬ್ಬರಲ್ಲಿ ತಮ್ಮ ಯಾರೆಂದು ಯಾರೂ ಕೇಳದೆ ಎಷ್ಟೋ ಮದುವೆಗಳು ಸುಖವಾಗಿ ನಡೆದುಹೋಗಿದ್ದವು.

ಕೇಳಿದವರು ನನ್ನ ಸೋದರಮಾವ. ಅವರು ಮಂಡ್ಯದಲ್ಲಿ ಮೇಷ್ಟರು. ನಾನು ಅವರ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಓದುತ್ತಿದ್ದೆ. ಜ್ಞಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ ಕಾಯಿಲೆ ಅವರಿಗೆ. ಯಾವುದೋ ಸೀಮೆಯ ಇಬ್ಬರು ಮಹಾ ಸಂಗೀತಗಾರರು ಒಂದೇ ತಾರೀಕಿನಲ್ಲಿ ಹುಟ್ಟಿದರಂತೆ ಎಂದು ಎಲ್ಲೋ ಓದಿಕೊಂಡು ಬಂದಿದ್ದರು. ಮದುವೆಯ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದ ವಿದ್ವಾಂಸರಿಬ್ಬರ ನಡುವೆ ಕೂತು, ನಿಮ್ಮ ಜನನ ಯಾವಾಗ ಎಂದು ವಿಚಾರಿಸಿದರು. ಮುದ್ದಯ್ಯನವರು, ಆನೆ ಕೂತ ದಿನ ಎಂದರು. ಖಾದರ್ ಸಾಬರು ಉಪ್ಪಿಟ್ಟಿನಿಂದ ತಲೆಯೆತ್ತಿ, ನಾನೂ ಆನೆ ಕೂತ ದಿನವೇ ಎಂದರು. ಮಾವನಿಗೆ ಅಷ್ಟು ಸಾಕಾಯಿತು. ಎಲೆಯಿಂದೆದ್ದವರೇ ಅಂಗಳದ ಒರಳುಕಲ್ಲನ್ನೇರಿ, ಒಂದೇ ದಿನ ಜನಿಸಿದ ಈ ಗಾನಯುಗಳದಿಂದ ನಮ್ಮ ತಾಲ್ಲೂಕುಗಳೆರಡೂ ಲೋಕದ ಭೂಪಟದಲ್ಲಿ ಮೂಡಿದವೆಂದು ಘೋಷಿಸಿದರು. ಜನ ತಲೆದೂಗಿದರು. ಟಗರು ಕೂಡ ಒಮ್ಮೆ ಕೂಗಿತು.

ಎಡವಟ್ಟಾದದ್ದು ಮೊದಲ ವೀಳ್ಯದ ಹೊತ್ತಿಗೆ. ನಮ್ಮಲ್ಲಿ ವಾದ್ಯದವರು ತಾಂಬೂಲ ತೆಗೆದುಕೊಳ್ಳದೆ ಊದುವುದಿಲ್ಲ. ಇಬ್ಬರು ವಿದ್ವಾಂಸರಿದ್ದರೆ ಮೊದಲ ವೀಳ್ಯ ಹಿರಿಯರಿಗೆ. ವಾದ್ಯ ಮೊಳಗದೆ ಹೆಣ್ಣು ಹಸೆಯಿಂದ ಎದ್ದು ಧಾರೆಗೆ ಬರುವಂತಿಲ್ಲ. ಹೆಣ್ಣಿನ ತಮ್ಮನೆಂಬ ಅಧಿಕಾರದಿಂದ ನಾನು ವೀಳ್ಯದ ತಟ್ಟೆ ಹಿಡಿದು ಇಬ್ಬರ ಮುಂದೆ ನಿಂತೆ. ಬೇರೆ ದಿನವಾಗಿದ್ದರೆ, ಮುದ್ದಣ್ಣನಿಗೆ ಕೊಡಿ, ಇಲ್ಲ ಖಾದರಣ್ಣನಿಗೆ ಕೊಡಿ ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳಿ, ಕೊನೆಗೆ ತಟ್ಟೆ ಹತ್ತಿರವಿದ್ದವರು ತೆಗೆದುಕೊಳ್ಳುತ್ತಿದ್ದರು. ಆದರೆ ಒರಳುಕಲ್ಲಿನ ಭಾಷಣವಾದ ಮೇಲೆ ಇಬ್ಬರ ಕಡೆಯ ವಾದ್ಯದವರೂ, ಎರಡು ಊರಿನ ನೆಂಟರೂ ಆ ತಟ್ಟೆಯನ್ನೇ ನೋಡುತ್ತಿದ್ದರು. ಒಂದೇ ದಿನವೆಂದ ಮೇಲೆ ಯಾವ ಹೊತ್ತಿಗೆ ಎಂಬ ಪ್ರಶ್ನೆ ಏಳಲೇಬೇಕಷ್ಟೆ.

ಮುದ್ದಯ್ಯನವರು ಗಂಟಲು ಸರಿಮಾಡಿಕೊಂಡು, "ಆನೆ ಕೂತಿದ್ದು ನಮ್ಮೂರ ಕೆರೆ ಏರಿ ಮ್ಯಾಲೆ, ಸಾಬ್ರೆ," ಎಂದರು. ಮಾತಿನಲ್ಲಿ ಅಣ್ಣ ಬಿದ್ದುಹೋಗಿ ಸಾಬರು ಬಂದದ್ದನ್ನು ಚಪ್ಪರವೆಲ್ಲ ಗಮನಿಸಿತು.

"ಅಲ್ಲಿ ಕೂತಿದ್ದು ಆಮ್ಯಾಕೆ," ಎಂದರು ಖಾದರ್ ಸಾಬರು. "ಮೊದ್ಲು ಕೂತಿದ್ದು ಮದ್ದೂರು ಹೊಳೆ ದಂಡೇಲಿ. ನಮ್ಮವ್ವ ಕಣ್ಣಾರೆ ಕಂಡವ್ಳೆ."

ಹೆರಿಗೆಯ ದಿನ ಅವರವ್ವ ಹೊಳೆಯ ದಂಡೆಗೆ ಹೋದದ್ದು ಹೇಗೆಂದು ಯಾರೂ ಕೇಳಲಿಲ್ಲ. ಆನೆಯ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ. ಯಾವುದೋ ಮಠದ ಆನೆ ಆ ರಸ್ತೆಯಲ್ಲಿ ನಡೆದು ಹೋಗುತ್ತ ಎರಡು ಊರಿನಲ್ಲೂ ಕೂತದ್ದು ನಿಜವಂತೆ. ಆದರೆ ಅದು ಮದ್ದೂರಿನಿಂದ ಮಳವಳ್ಳಿಗೆ ಹೊರಟಿತ್ತೋ, ಮಳವಳ್ಳಿಯಿಂದ ಮದ್ದೂರಿಗೋ? ಹೋಗುವಾಗ ಕೂತಿತೋ, ಬರುವಾಗಲೋ? ಮಾವ ನೆಲದ ಮೇಲೆ ಅಕ್ಷತೆಯಿಂದ ರಸ್ತೆಯನ್ನು ಬರೆದು, ಆನೆಯ ಸ್ಥಾನದಲ್ಲಿ ಒಂದು ತೆಂಗಿನಕಾಯಿ ಇಟ್ಟರು. ಗೆಜ್ಜಲಗೆರೆಯಿಂದ ಬಂದಿದ್ದ ಮುದುಕರೊಬ್ಬರು, ಅವು ಎರಡು ಬೇರೆ ಬೇರೆ ಆನೆಗಳೆಂದು ಹೇಳಿ ಇನ್ನೊಂದು ತೆಂಗಿನಕಾಯಿ ತರಿಸಿದರು. ಆನೆ ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೋ ಹಿಂಗಾಲೋ ಎಂಬಲ್ಲಿ ವಾದದ ಕಾವು ಏರಿ, ನಮ್ಮ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ನಾಲ್ಕು ಕಾಲಿನಲ್ಲಿ ಕೂತು ತೋರಿಸಿದರು; ಏಳಲಾಗದೆ ಇಬ್ಬರು ಹಿಡಿದೆತ್ತಬೇಕಾಯಿತು. ವರಮಹಾಶಯ ಬಾಸಿಂಗವನ್ನು ಹಣೆಯ ಮೇಲಕ್ಕೆ ಸರಿಸಿ, ತಮ್ಮ ಅಜ್ಜಿಯ ಪ್ರಕಾರ ಅದು ಹೆಣ್ಣಾನೆಯೆಂದು ಸಾಕ್ಷಿ ನುಡಿದರು.

ಅಷ್ಟರಲ್ಲಿ ಮುದ್ದಯ್ಯನವರು ಹೊಸದೊಂದು ದಾಖಲೆ ಹೊರತೆಗೆದರು. ಕೂತ ಆನೆ ಯಾರು ಎಬ್ಬಿಸಿದರೂ ಏಳದಿದ್ದಾಗ ತಮ್ಮ ತಂದೆ ಹೋಗಿ ಓಲಗ ಊದಿದರಂತೆ, ಆನೆ ಎದ್ದಿತಂತೆ. ಖಾದರ್ ಸಾಬರು ನಕ್ಕು, ಅದು ಎದ್ದದ್ದು ತಮ್ಮ ತಂದೆಯ ಶಹನಾಯಿಗೆ ಎಂದರು. ಓಲಗದವರು ಎದ್ದು ನಿಂತರು, ಬ್ಯಾಂಡಿನವರೂ ಎದ್ದು ನಿಂತರು. ಜೋಯಿಸರು ನೆರಳು ನೋಡಿ, ಮುಹೂರ್ತ ಮೀರಿದರೆ ಮುಂದಿನದು ಆಷಾಢ ಕಳೆದ ಮೇಲೆ ಎಂದರು. ಬೀಗರ ಪೈಕಿ ಒಬ್ಬರು, ಈ ಮದುವೆಗೆ ಮೊದಲಿಂದಲೂ ಶಕುನ ಸರಿಯಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮ ಚಪ್ಪರದಲ್ಲಿ ಅಡಿಕೆ ನನ್ನ ತಟ್ಟೆಯಲ್ಲೇ ಇತ್ತು, ಆನೆಯೂ ಬಂದು ಕೂತಾಗಿತ್ತು, ಮಾನವೊಂದು ಹೊರಡುವುದಕ್ಕೆ ಚಪ್ಪಲಿ ಮೆಟ್ಟುತ್ತಿತ್ತು. ನನಗೆ ಅಳು ಬರುವಂತಾಯಿತು.

ಆಗ ನಡುಮನೆಯ ಬಾಗಿಲಿನಿಂದ ಅಕ್ಕನ ದನಿ ಬಂತು. ಮದುವಣಗಿತ್ತಿ ತುಟಿ ಬಿಚ್ಚುವುದು ನಮ್ಮಲ್ಲಿ ಕಂಡು ಕೇಳರಿಯದ ಸಂಗತಿ.

"ಆನೆ ಎಲ್ಲಾರ ಕೂತ್ಕಂಡಿರ್ಲಿ ಬುಡಿ," ಎಂದಳು ಅಕ್ಕ. "ನಾನು ಕೋಳಿ ಕೂಗ್ದಾಗಿಂದ ಇಲ್ಲಿ ಕೂತಿವ್ನಿ. ಕಾಲು ಜೋಮು ಹಿಡ್ದವೆ. ನಿಮ್ಮಪ್ಪದೀರು ಆನೆ ಎಬ್ಬಿಸಿದ್ರಂತಲ್ಲ, ನೀವು ನನ್ನ ಎಬ್ಬಿಸಿ ನೋಡಾನ."

ಮುದ್ದಯ್ಯನವರು ಪೀಪಿಯನ್ನು ತುಟಿಗೇರಿಸಿದರೋ ಇಲ್ಲವೋ, ತಮ್ಮ ತಂದೆಯ ಕೀರ್ತಿ ಕೈತಪ್ಪಿತೆಂದು ಖಾದರ್ ಸಾಬರೂ ಊದಿಯೇಬಿಟ್ಟರು. ಅವರದು ಒಂದು ಶ್ರುತಿ, ಇವರದು ಇನ್ನೊಂದು. ಇವರು ಹಿಡಿದ ರಾಗಕ್ಕೂ ಅವರು ಹಿಡಿದ ಧಾಟಿಗೂ ಜಾತಕ ಕೂಡುವ ಹಾಗೇ ಇರಲಿಲ್ಲ. ಡೋಲು ಒಬ್ಬರ ತಾಳಕ್ಕೆ, ಬ್ಯಾಂಡಿನ ಡ್ರಮ್ಮು ಮತ್ತೊಬ್ಬರ ತಾಳಕ್ಕೆ. ಚಪ್ಪರದ ಗಳುಗಳ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಅಕ್ಕನೂ ಎದ್ದಳು. ಜೋಮು ಹಿಡಿದ ಕಾಲನ್ನು ಎಳೆದುಕೊಂಡು, ನಗು ತಡೆಯಲಾಗದೆ ತಲೆ ತಗ್ಗಿಸಿಕೊಂಡು ಅವಳು ಧಾರೆಗೆ ಬಂದು ನಿಂತಾಗ ಮುಹೂರ್ತ ಇನ್ನೂ ಸ್ವಲ್ಪ ಉಳಿದಿತ್ತು. ಗಟ್ಟಿಮೇಳ ಎಂದು ಜೋಯಿಸರು ಕೈಯೆತ್ತಿ ಕೂಗುವ ಅಗತ್ಯವೇ ಬೀಳಲಿಲ್ಲ. ಅಷ್ಟು ಕರ್ಕಶವಾದ ಸಂಗೀತವನ್ನು ನಾನು ಮತ್ತೆಂದೂ ಕೇಳಿಲ್ಲ. ಅಷ್ಟು ಸಂತೋಷವನ್ನೂ ಬೇರೆ ಯಾವ ಸಂಗೀತ ನನಗೆ ಕೊಟ್ಟಿಲ್ಲ.

ಮೊದಲ ವೀಳ್ಯ ಯಾರಿಗೆ ಸಂದಿತೆಂದು ನೀವು ಕೇಳುತ್ತೀರಿ. ಅಕ್ಕನನ್ನು ನೋಡುವ ಭರದಲ್ಲಿ ನಾನು ತಟ್ಟೆಯನ್ನು ಕೆಳಗಿಟ್ಟಿದ್ದೆ. ತಿರುಗಿ ನೋಡಿದಾಗ ಬಂಡೂರು ಟಗರು ಎರಡು ಪಾಲಿನ ಎಲೆಯನ್ನೂ ಮುಗಿಸಿ ಅಡಿಕೆಯ ಗುಣಪರೀಕ್ಷೆ ನಡೆಸುತ್ತಿತ್ತು. ಹಿರಿತನದ ಆ ಗೌರವ ಮರುದಿನ ಬೀಗರೂಟದಲ್ಲಿ ಎರಡು ಊರಿನವರಿಗೂ ಸಮನಾಗಿ ಹಂಚಿಹೋಯಿತು.

ಆಮೇಲೆ ಇಬ್ಬರೂ ಮತ್ತೆ ಅಣ್ಣಂದಿರಾದರು. ಆನೆ ಕೂತ ದಿನ ಯಾವುದೆಂದು ತಿಳಿಯದ್ದರಿಂದ ಅಕ್ಕ ಎದ್ದ ದಿನವನ್ನೇ ತಮ್ಮ ಹುಟ್ಟುಹಬ್ಬವೆಂದು ಇಟ್ಟುಕೊಂಡರು. ಪ್ರತಿವರ್ಷ ಆ ದಿನ ಅಕ್ಕನ ಮನೆಗೆ ಹೋಗಿ, ಅವಳು ಬಡಿಸಿದ್ದನ್ನು ಉಂಡು, ಜಗಲಿಯಲ್ಲಿ ಕೂತು ಒಂದೇ ಸಮಯಕ್ಕೆ ಎರಡು ಶ್ರುತಿಯಲ್ಲಿ ಊದಿ ಬರುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷವೂ ಜೊತೆಯಾಗಿಯೇ ಬಂದಿದ್ದರಂತೆ. ಬಾಣಂತಿಯಾಗಿದ್ದ ಅಕ್ಕ ಒಳಕೋಣೆಯಿಂದಲೇ, ಕೂಸು ಎದ್ದುಬಿಟ್ಟೀತು, ಇವತ್ತೊಂದು ದಿನ ಒಬ್ಬೊಬ್ಬರಾಗಿ ಊದಿ ಎಂದು ಬೇಡಿಕೊಂಡಳಂತೆ. ಯಾರು ಮೊದಲೆಂದು ತೀರ್ಮಾನವಾಗದೆ ಇಬ್ಬರೂ ಊದದೇ ಹೋದರಂತೆ.

ಮೊನ್ನೆ, ಹೆಡ್ಮಾಸ್ತರು ಕೊಟ್ಟ ನನ್ನ ಹುಟ್ಟುಹಬ್ಬದ ದಿನ, ಭೇದಿ ಮಾತ್ರೆಯ ಜಾಹೀರಾತನ್ನು ಓದಿ ಮುಗಿಸಿ, ಅಕ್ಕನನ್ನು ನೋಡಲು ಹೋಗಿದ್ದೆ. ಈಗ ಅವಳಿಗೆ ಕಣ್ಣು ಮಂಜು, ನೆನಪು ಮಾತ್ರ ನಿಚ್ಚಳ. ನಾನು ಹುಟ್ಟಿದಾಗ ಅವಳಿಗೆ ಬುದ್ಧಿ ಬಂದಿತ್ತಲ್ಲ, ಅವತ್ತು ಏನಾಗಿತ್ತೆಂದು ಕೇಳಿದೆ. ಹೊಳೆ ಉಕ್ಕಿತ್ತೆ, ಮರ ಬಿದ್ದಿತ್ತೆ, ಹೋಗಲಿ, ಒಂದು ಎಮ್ಮೆಯಾದರೂ ಎಲ್ಲಾದರೂ ಕೂತಿತ್ತೆ?

ಅಕ್ಕ ತಡವಿ ನನ್ನ ಕೈ ಹಿಡಿದುಕೊಂಡಳು.

"ಅವತ್ತು ಏನೂ ಆಗ್ಲಿಲ್ಲ ಕಣಪ್ಪ," ಎಂದಳು. "ಅವ್ವನ ತಾವ್ಕೆ ಬುಡ್ಲಿಲ್ಲ ಅಂತ ನಾನು ಹಟ ಮಾಡ್ಕಂಡು ಬಾಗ್ಲಲ್ಲಿ ಕೂತಿದ್ದೆ. ಯಾರು ಕರುದ್ರೂ ಏಳ್ಲಿಲ್ಲ. ಒಳಗೆ ನೀನು ಅತ್ತಿದ್ದು ಕೇಳುಸ್ತು. ಎದ್ದು ಒಳಿಕ್ಕೆ ಹೋದೆ."

ಪತ್ರಿಕೆಯವರು ಆ ಮೂಲೆಯಲ್ಲಿ ಏನನ್ನೇ ಹಾಕಿಕೊಳ್ಳಲಿ. ನಾನು ಹುಟ್ಟಿದ ದಿನ ಯಾವ ಸಂಗೀತಗಾರನೂ ಹುಟ್ಟಲಿಲ್ಲವೆಂದು ಇನ್ನು ಮೇಲೆ ನಾನು ಹೇಳುವುದಿಲ್ಲ.